ಚಾಕು ಹೊರಗಿಟ್ಟು ಬರತಕ್ಕದ್ದು

ಮೇಪಲ್ ಫೋರ್ಕ್, ಕೆಂಟಕಿ
ಅಕ್ಟೋಬರ್ ೨೦, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗ ಲಾನಿಗೆ,

ನಿನ್ನ ಹಲ್ಲುನೋವು ಹೇಗಿದೆಯಪ್ಪಾ? ಕೋರ್ಟಿನಲ್ಲಿ ನೋಡಿದ ದಿನ ಎಡಗೆನ್ನೆ ಊದಿಕೊಂಡಿತ್ತು. ಜಡ್ಜು ಏನೇನು ಓದಿದರೋ ನನ್ನ ತಲೆಗೆ ಹತ್ತಲಿಲ್ಲ, ಕಣ್ಣೆಲ್ಲ ನಿನ್ನ ಕೆನ್ನೆಯ ಮೇಲೇ ಇತ್ತು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು ಅನ್ನೋಣವೆಂದರೆ ಅಲ್ಲಿ ಉಪ್ಪು ಕೊಡುತ್ತಾರೋ ಇಲ್ಲವೋ. ಹೊದಿಕೆ ತೆಳ್ಳಗಿರುತ್ತದೆ ಎಂದು ಓಪಲಕ್ಕ ಹೇಳಿದಳು, ಅವಳ ಮೊಮ್ಮಗನೂ ಅಲ್ಲೇ ಇದ್ದಾನಲ್ಲ. ಮಲಗುವಾಗ ಸಾಕ್ಸ್ ಹಾಕಿಕೋ. ಚಿಕ್ಕಂದಿನಿಂದಲೂ ನಿನಗೆ ಶೀತ ಏರುವುದು ಪಾದದಿಂದಲೇ. ಯಾರಾದರೂ ಜಗಳಕ್ಕೆ ಬಂದರೆ ಗೋಡೆ ಕಡೆ ತಿರುಗಿ ಮಲಗಿಬಿಡು, ಎದುರಾಡಬೇಡ. ಇಲ್ಲ, ಗೋಡೆ ಕಡೆ ತಿರುಗಿದರೆ ಬೆನ್ನು ಅವರ ಕಡೆಗಾಗುತ್ತದೆ, ಅದೂ ಬೇಡ. ಏನು ಮಾಡಬೇಕೋ ನನಗೆ ತಿಳಿಯುವುದಿಲ್ಲ, ನೀನೇ ಜೋಪಾನವಾಗಿರು.

ಕಾಗದ ಬರೆಯುವುದಕ್ಕೂ ನಿಮ್ಮ ಜೈಲಿನಲ್ಲಿ ಕಟ್ಟಳೆಗಳಿವೆ. ಗೆರೆ ಎಳೆದ ಬಿಳಿ ಹಾಳೆಯೇ ಆಗಬೇಕು, ನೀಲಿ ಇಲ್ಲವೇ ಕಪ್ಪು ಪೆನ್ನು, ಚಿತ್ರ ಅಂಟಿಸಬಾರದು, ಸೆಂಟು ಸಿಂಪಡಿಸಬಾರದು. ನಾನು ಜನ್ಮದಲ್ಲಿ ಸೆಂಟು ಮುಟ್ಟಿದವಳಲ್ಲ. ಆದರೆ ಒಲೆಯ ಮೇಲೆ ಸೇಬು ಬೇಯುತ್ತಿದೆ, ದಾಲ್ಚಿನ್ನಿ ಹಾಕಿದ್ದೇನೆ, ಆ ವಾಸನೆ ಹಾಳೆಗೆ ಹತ್ತಿಕೊಂಡರೆ ಸೆಂಟು ಎಂದು ಹಿಂದಕ್ಕೆ ಕಳಿಸಿಬಿಟ್ಟರೆ ಎಂದು ಆಗಾಗ ಮೂಸಿ ಮೂಸಿ ನೋಡುತ್ತ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅಕ್ಷರ ತಪ್ಪಿದ್ದರೆ ಸರಿ ಮಾಡಿಕೊಂಡು ಓದಿಕೋ. ನಿನಗಿಂತ ಮೊದಲು ಇದನ್ನು ಒಡೆದು ಓದುವ ಸಾಹೇಬರಿಗೂ ನಮಸ್ಕಾರ. ಇದರಲ್ಲಿ ಗುಟ್ಟಿನ ಮಾತೇನಿಲ್ಲ ಸ್ವಾಮಿ. ಇದ್ದರೂ ಅದು ನಮ್ಮ ಮನೆಯ ಗುಟ್ಟು. ದಯವಿಟ್ಟು ನಮ್ಮ ಯಜಮಾನರು ಹೋಬರ್ಟ್ ಹಾಲ್ಕಂಬ್ ಅವರ ಕಿವಿಗೆ ಹಾಕಬೇಡಿ.

ಇಲ್ಲಿ ಎಲ್ಲ ಹಾಗೇ ಇದೆ. ಮೊನ್ನೆ ಮೊದಲ ಇಬ್ಬನಿ ಹೆಪ್ಪುಗಟ್ಟಿ ಟೊಮ್ಯಾಟೋ ಗಿಡಗಳೆಲ್ಲ ಕಪ್ಪಗಾದವು. ಹುರುಳಿಕಾಯಿ ಎಲ್ಲ ಬಾಟಲಿಗೆ ತುಂಬಿ ಮುಗಿಸಿದ್ದೇನೆ, ಯಾರು ತಿನ್ನುತ್ತಾರೋ. ನಿನ್ನ ನಾಯಿ ಈಗಲೂ ಗಾಡಿ ಸದ್ದಾದರೆ ಗೇಟಿನ ತನಕ ಓಡಿ ಹಿಂದಕ್ಕೆ ಬರುತ್ತದೆ. ನಿಮ್ಮಪ್ಪನ ಕೆಮ್ಮು ಚಳಿಗೆ ಜಾಸ್ತಿಯಾಗಿದೆ. ಡಾಕ್ಟರು ಕೊಟ್ಟ ಉಸಿರಿನ ಯಂತ್ರ ಬಾಯಿಗಿಟ್ಟುಕೊಳ್ಳಿ ಅಂದರೆ ‘ಅದೇನು ಹಸುಗೂಸಿನ ಬಾಟ್ಲಿಯಾ’ ಅನ್ನುತ್ತಾರೆ. ನಿನ್ನ ಹೆಸರು ಎತ್ತುವುದಿಲ್ಲ. ಪೊಲೀಸಿನವರು ನಿನ್ನನ್ನು ಕರೆದುಕೊಂಡು ಹೋದ ದಿನ ಈ ಮೇಜಿನ ಮುಂದೆ ನಿಂತು ಏನಂದರು ಅಂದರೆ, ‘ನಾನು ಮೂವತ್ತು ವರ್ಷ ಬಗ್ಗಿ ನಡೆದ ಗಣಿ ಅದು. ಅದರ ಬೀಗ ಒಡೆದು ತಾಮ್ರದ ತಂತಿ ಕಿತ್ತು ಮಾರಿ ನಶೆಯ ಮಾತ್ರೆ ನುಂಗಿದ್ದಾನೆ. ಆ ಜೈಲಿನ ಮೆಟ್ಟಿಲು ನಾನು ತುಳಿಯೋದಿಲ್ಲ. ನೀನೂ ತುಳೀಕೂಡದು. ಗೊತ್ತಾಯ್ತಾ ನೋಲಾ?’ ಗೊತ್ತಾಯ್ತು ಅಂದೆ. ಆಮೇಲೆ ಈ ಮನೆಯಲ್ಲಿ ಮಾತೇ ಇಲ್ಲ. ಬೀನ್ಸ್ ಬಡಿಸಲಾ, ಬಡಿಸು. ರೊಟ್ಟಿ ಇನ್ನೊಂದು, ಸಾಕು. ಇಷ್ಟೇ. ಗಡಿಯಾರ ಸದ್ದು ಮಾಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ ಲಾನಿ, ಈಗ ಅದು ಬಡಗಿ ಮೊಳೆ ಹೊಡೆದಂತೆ ಕೇಳಿಸುತ್ತದೆ. ಈ ಮನೆಯ ಫೋನಿಗೆ ಜೈಲಿನಿಂದ ಕರೆ ಬರದಂತೆ ಮಾಡಿಸಿದವರೂ ಅವರೇ, ಅದು ನಿನಗೂ ಗೊತ್ತು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನೀನು ಅಲ್ಲಿ ಕೂತು ಅಮ್ಮ ಒಂದು ದಿನವೂ ನೋಡಲು ಬರಲಿಲ್ಲ ಎಂದುಕೊಂಡಿರುತ್ತೀಯ. ನಾನು ಬಂದಿದ್ದೆ ಮಗಾ. ಹೋದ ವಾರ ಬಂದಿದ್ದೆ, ಅದರ ಹಿಂದಿನ ವಾರವೂ ಬಂದಿದ್ದೆ. ಬಾಗಿಲ ತನಕ ಬಂದು ಹಿಂದಕ್ಕೆ ಹೋದೆ.

ಮೊದಲ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಕಾಯಿಲೆಯವರನ್ನು ನೋಡಿ ಬರುತ್ತೇವೆ ಎಂದು ನಿಮ್ಮಪ್ಪನಿಗೆ ಹೇಳಿ ಓಪಲಕ್ಕನ ಕಾರಿನಲ್ಲಿ ಹೊರಟೆ. ದೇವರು ಕ್ಷಮಿಸಲಿ, ಚರ್ಚಿನ ಅಂಗಳದಲ್ಲೇ ನಿಂತು ಹೇಳಿದ ಸುಳ್ಳು. ನನ್ನ ಒಳ್ಳೆಯ ಸ್ವೆಟರ್ ಹಾಕಿಕೊಂಡಿದ್ದೆ, ನೀನು ನೋಡಿದ್ದೀಯ, ಸಿಹಿಗುಂಬಳದ ಕಿತ್ತಳೆ ಬಣ್ಣದ್ದು. ಜೈಲಿನ ಕಿಟಕಿಯ ಹಿಂದೆ ಯಾರು ಕೂತಿದ್ದರು ಗೊತ್ತೇ? ನಿನ್ನ ಜೊತೆ ಶಾಲೆಯ ಬಸ್ಸಿನಲ್ಲಿ ಹೋಗುತ್ತಿದ್ದ ರೊಂಡಾ. ಈಗ ಸಮವಸ್ತ್ರ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಎಷ್ಟು ದಪ್ಪಗಾಗಿದ್ದಾಳೆ. ನೋಡಿದವಳೇ, ‘ಅಯ್ಯೋ ನೋಲಕ್ಕಾ, ಈ ಬಣ್ಣ ಇಲ್ಲಿ ಕೈದಿಗಳದ್ದು, ಇದು ಹಾಕ್ಕೊಂಡು ಒಳಗೆ ಬಿಡಂಗಿಲ್ಲ’ ಅಂದಳು. ಓಪಲಕ್ಕ ನಕ್ಕು, ‘ಬಿಟ್ರೆ ವಾಪಸ್ ಬರೋವಾಗ ನಿನ್ನೇ ಒಳಗಿಟ್ಕೋತಾರೆ ಕಣೇ’ ಅಂದು ಕೈ ಹಿಡಿದು ಕಾರಿನ ಹಿಂದಕ್ಕೆ ಕರೆದುಕೊಂಡು ಹೋದಳು. ಅವಳ ಡಿಕ್ಕಿ ತೆಗೆದರೆ ಒಂದು ಅಂಗಡಿಯೇ ಇದೆ. ಉದ್ದ ಲಂಗ, ತೋಳಿರುವ ಅಂಗಿ, ಮುಚ್ಚಿದ ಬೂಟು, ಎಲ್ಲ ಅಳತೆಯವೂ. ಕಟ್ಟಳೆ ಗೊತ್ತಿಲ್ಲದೆ ದೂರದಿಂದ ಬಂದು ಅಳುತ್ತ ನಿಲ್ಲುವ ಹೆಣ್ಣುಮಕ್ಕಳಿಗೆ ಕೊಡುವುದಕ್ಕೆ ಇಟ್ಟುಕೊಂಡಿದ್ದಾಳೆ, ಭೇಟಿ ಮುಗಿದ ಮೇಲೆ ವಾಪಸು ಇಸಿದುಕೊಳ್ಳುತ್ತಾಳೆ. ಅವಳ ಗಂಡನ ಹಳೆಯ ಬೂದು ಅಂಗಿ ನನಗೆ ಹಾಕಿಸಿದಳು. ತೀರಿಹೋದವನ ಅಂಗಿ. ಆದರೂ ಹಾಕಿಕೊಂಡೆ.

ಆಮೇಲೆ ಬಂತು ಕಷ್ಟ. ಲೋಹ ಹಿಡಿಯುವ ಆ ಚೌಕಟ್ಟಿನಲ್ಲಿ ಹಾದರೆ ಕೀಂ ಎಂದು ಕೂಗಿತು. ಒಳಗಿನ ಬಟ್ಟೆಯಲ್ಲಿ ತಂತಿ ಇದೆಯೇ ಎಂದು ರೊಂಡಾ ಗಂಡಸರ ಮುಂದೆಯೇ ಕೇಳಿದಳು. ನನ್ನದು ನಾನೇ ಹೊಲಿದದ್ದು, ತಂತಿ ಎಲ್ಲಿಂದ ಬರಬೇಕು. ಆಮೇಲೆ ನೋಡಿದರೆ ತುರುಬಿನ ಹೇರ್‌ಪಿನ್ನುಗಳು. ನಮ್ಮ ಚರ್ಚಿನಲ್ಲಿ ಹೆಂಗಸರು ಕೂದಲಿಗೆ ಕತ್ತರಿ ಹಾಕಿಸುವುದಿಲ್ಲ, ಬಿಚ್ಚಿಕೊಂಡು ಹೊರಗೂ ಬರುವುದಿಲ್ಲ. ಮದುವೆಯಾದ ಮೇಲೆ ನನ್ನ ಬಿಚ್ಚುಗೂದಲನ್ನು ನಿಮ್ಮಪ್ಪನಲ್ಲದೆ ಬೇರೆ ಗಂಡಸು ನೋಡಿರಲಿಲ್ಲ. ಅಲ್ಲಿ ನಿಂತು ಒಂದೊಂದೇ ಪಿನ್ನು ಕಿತ್ತೆ. ನರೆತ ಕೂದಲು ಸೊಂಟದ ತನಕ ಬಿತ್ತು. ಸಾಲಿನಲ್ಲಿದ್ದ ಒಬ್ಬ ಹುಡುಗ ಹಾಗೇ ನೋಡುತ್ತಿದ್ದ. ನಾನು ನೆಲ ನೋಡುತ್ತ, ಇರಲಿ, ಲಾನಿಯನ್ನು ನೋಡುವುದಕ್ಕೆ ತಾನೇ, ಇರಲಿ, ಎಂದು ಹೇಳಿಕೊಂಡೆ. ಅಷ್ಟೆಲ್ಲ ಆದ ಮೇಲೆ ರೊಂಡಾ ಕಂಪ್ಯೂಟರಿನಲ್ಲಿ ನಿನ್ನ ಹೆಸರು ಹುಡುಕಿ, ನನ್ನ ಮುಖ ನೋಡಿ, ಮತ್ತೆ ಕಂಪ್ಯೂಟರ್ ನೋಡಿ, ‘ನೋಲಕ್ಕಾ, ಲಾನಿಯ ಈ ವಾರದ ಭೇಟಿ ನಿನ್ನೆ ಶನಿವಾರವೇ ಆಗಿಹೋಗಿದೆ. ವಾರಕ್ಕೆ ಒಂದೇ’ ಅಂದಳು. ಯಾರು ಬಂದಿದ್ದರು ಎಂದು ಕೇಳಿದೆ. ಅದನ್ನು ಹೇಳುವಂತಿಲ್ಲವಂತೆ, ಅದೂ ಒಂದು ಕಟ್ಟಳೆ. ನನ್ನ ಪಿನ್ನುಗಳು ಮುಷ್ಟಿಯಲ್ಲೇ ಇದ್ದವು. ಕಾರಿನಲ್ಲಿ ಕೂತು ತುರುಬು ಕಟ್ಟಿಕೊಳ್ಳೋಣವೆಂದರೆ ಕೈ ಮೇಲಕ್ಕೆ ಬರಲೊಲ್ಲದು, ಓಪಲಕ್ಕನೇ ಕಟ್ಟಿದಳು.

ಆ ವಾರವೆಲ್ಲ ನನಗೆ ಅದೇ ಯೋಚನೆ. ಯಾರು ಬಂದಿರಬಹುದು? ನಿನ್ನನ್ನು ಕೆಡಿಸಿದ ಆ ಹುಡುಗಿ ಕ್ರಿಸ್ಟಲ್ ಇರಬಹುದೇ, ಮತ್ತೆ ಏನಾದರೂ ನಿನ್ನ ತಲೆಗೆ ತುಂಬುತ್ತಿರಬಹುದೇ, ಕದ್ದುಮುಚ್ಚಿ ಮಾತ್ರೆ ಕೊಡುತ್ತಿರಬಹುದೇ. ನಡುವೆ ಗಾಜು, ಮಾತೆಲ್ಲ ಫೋನಿನಲ್ಲಿ, ಏನೂ ಕೊಡುವುದಕ್ಕಾಗುವುದಿಲ್ಲ ಎಂದು ಓಪಲಕ್ಕ ಎಷ್ಟು ಹೇಳಿದರೂ ಮನಸ್ಸು ಕೇಳಲಿಲ್ಲ. ನಿಮ್ಮಪ್ಪನ ಹತ್ತಿರ ಹೇಳಿಕೊಳ್ಳುವಂತಿಲ್ಲ. ಅವರೂ ಈಗ ಮನೆಯಲ್ಲಿ ನಿಲ್ಲುವುದಿಲ್ಲ. ಶನಿವಾರ ಬಂದರೆ ತಿಂಡಿ ಮುಗಿಸಿ ದನದ ಸಂತೆಗೆ ಎಂದು ಪಟ್ಟಣಕ್ಕೆ ಹೊರಟುಬಿಡುತ್ತಾರೆ. ಇರುವುದು ಮೂರು ಹಸು, ಮಾರುವುದಿಲ್ಲ, ಕೊಳ್ಳುವುದಿಲ್ಲ. ಮನೆ ಮೌನ ತಡೆಯಲಾರದೆ ಹೋಗುತ್ತಾರೆ, ಪಾಪ, ಹೋಗಲಿ ಎಂದುಕೊಂಡಿದ್ದೆ. ಎರಡನೇ ಭಾನುವಾರ ಮತ್ತೆ ಹೋದೆ. ಈ ಸಲ ಬೂದು ಉಡುಪು, ಪಿನ್ನಿನ ಬದಲು ಬಟ್ಟೆಯ ದಾರ, ಎಲ್ಲ ಕಟ್ಟಳೆಯಂತೆ. ರೊಂಡಾ ನನ್ನನ್ನು ನೋಡಿದ ಕೂಡಲೇ ಕಣ್ಣು ತಗ್ಗಿಸಿದಳು. ಈ ವಾರದ್ದೂ ಆಗಿಹೋಗಿತ್ತು. ನಾನು ಏನು ಹೇಳಿದೆನೋ ನೆನಪಿಲ್ಲ, ಅತ್ತೆನೆಂದು ಓಪಲಕ್ಕ ಹೇಳುತ್ತಾಳೆ. ರೊಂಡಾ ಕಿಟಕಿಯ ಹತ್ತಿರಕ್ಕೆ ಬಗ್ಗಿ ಮೆಲ್ಲಗೆ, ‘ಅಳಬೇಡಿ ನೋಲಕ್ಕಾ. ಭೇಟಿಗೆ ಬರೋರ ಪಟ್ಟಿಯಲ್ಲಿ ಲಾನಿ ನಿಮ್ಮ ಹೆಸರನ್ನೂ ಬರೆಸಿದ್ದಾನೆ. ನಾ ಏನೂ ಹೇಳಿಲ್ಲ, ಆಯ್ತಾ? ಒಂದ್ಸಲ ಶನಿವಾರ ಬೆಳಿಗ್ಗೆ ಬನ್ನಿ’ ಅಂದಳು. ಇನ್ನೊಂದು ಮಾತೂ ಅಂದಳು, ಶಿಕ್ಷೆಯಾದವರನ್ನು ದೊಡ್ಡ ಜೈಲಿಗೆ ಒಯ್ಯುವ ಬಸ್ಸು ಯಾವ ದಿನ ಬರುತ್ತದೆಂದು ಇವರಿಗೂ ಮೊದಲೇ ತಿಳಿಸುವುದಿಲ್ಲವಂತೆ. ಬಂದರೆ ಬಂತು, ಹತ್ತಿಸಿದರೆ ಹೋಯಿತು. ದೊಡ್ಡ ಜೈಲು ರಾಜ್ಯದ ಆ ತುದಿಯಲ್ಲಿ. ಓಪಲಕ್ಕನ ಕಾರು ಅಷ್ಟು ದೂರ ಹೋಗುವುದಿಲ್ಲ, ನಾನೂ ಹೋಗಲಾರೆ. ಅಂದಿನಿಂದ ರಸ್ತೆಯಲ್ಲಿ ಯಾವ ಬಸ್ಸು ಕಂಡರೂ ಕಿಟಕಿಗಳಲ್ಲಿ ಮುಖ ಹುಡುಕುತ್ತೇನೆ, ಶಾಲೆ ಮಕ್ಕಳ ಬಸ್ಸಾದರೂ ಸರಿ.

ಹಾಗಾಗಿ ನಿನ್ನೆ ಶನಿವಾರ, ನಿಮ್ಮಪ್ಪ ಸಂತೆಗೆ ಹೊರಟ ಮೇಲೆ ಓಪಲಕ್ಕ ಬಂದಳು, ಹೊರಟೆವು. ಆ ಕ್ರಿಸ್ಟಲ್ ಕಂಡರೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಓಪಲಕ್ಕ, ‘ಹೊಡೆಯೋದಾದ್ರೆ ಜೈಲಿನ ಅಂಗಳದಲ್ಲಿ ಬೇಡ ಕಣೇ, ರಸ್ತೆ ಆಚೆ ಕರ್ಕೊಂಡು ಹೋಗು’ ಎಂದು ತಮಾಷೆ ಮಾಡಿದಳು. ಜೈಲಿನ ಬಾಗಿಲ ಪಕ್ಕದಲ್ಲಿ ಕುಳ್ಳಗೆ ಕತ್ತರಿಸಿದ ಹಸಿರು ಪೊದೆಗಳಿವೆ. ಅವುಗಳ ಹಿಂದೆ, ಮಳೆನೀರಿನ ಕೊಳವೆ ಇಳಿಯುವಲ್ಲಿ, ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ. ಭೇಟಿಯ ದಿನ ಆ ಕಟ್ಟೆಯ ಮೇಲೆ ನಮ್ಮ ಗಂಡಸರ ಚಾಕುಗಳೆಲ್ಲ ಸಾಲಾಗಿ ಮಲಗಿರುತ್ತವೆ. ನಮ್ಮ ಕಡೆ ಗಂಡಸು ಪ್ಯಾಂಟು ಇಲ್ಲದೆ ಬೇಕಾದರೂ ಹೊರಟಾನು, ಜೇಬಿನ ಚಾಕು ಇಲ್ಲದೆ ಹೊರಡುವುದಿಲ್ಲ. ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವುದಕ್ಕೆ ಕಪಾಟೂ ಇಲ್ಲ. ಗಾಡಿಯ ತನಕ ಯಾರು ವಾಪಸು ನಡೆಯುತ್ತಾರೆ ಎಂದು ಯಾವ ಕಾಲದಲ್ಲೋ ಯಾರೋ ಅಲ್ಲಿಟ್ಟರಂತೆ, ಆಮೇಲೆ ಎಲ್ಲರದೂ ಅಲ್ಲೇ. ಒಬ್ಬರದು ಒಬ್ಬರು ಮುಟ್ಟುವುದಿಲ್ಲ. ‘ಒಳಗಿರೋರೆಲ್ಲ ಕಳ್ಳತನ ಮಾಡಿ ಬಂದೋರು, ಇಲ್ಲಿ ಮಾತ್ರ ಒಂದು ಚಾಕು ಕಳೆದಿಲ್ಲ ನೋಡು’ ಎಂದು ಓಪಲಕ್ಕ ಅಂದಳು. ನಾನು ಸುಮ್ಮನೆ ಅತ್ತ ಕಣ್ಣು ಹಾಯಿಸಿದೆ.

ಮೂರನೆಯದು ನಿಮ್ಮಪ್ಪನದು. ಹಳದಿ ಎಲುಬಿನ ಹಿಡಿ. ಅದರ ಒಂದು ಬದಿ ನೀನು ಚಿಕ್ಕವನಿದ್ದಾಗ ಬಣ್ಣದ ಡಬ್ಬಿಯ ಮುಚ್ಚಳ ಮೀಟಲು ಹೋಗಿ ಒಡೆದದ್ದು. ನಿನಗೆ ಎರಡು ಬಿಗಿದು, ಆಮೇಲೆ ಜಿಂಕೆಕೊಂಬಿನ ಚೂರು ತಂದು ಉಜ್ಜಿ ಉಜ್ಜಿ ಕೂರಿಸಿದ್ದರಲ್ಲ, ಅದೇ. ಅವರಪ್ಪನ ಚಾಕು. ಗಣಿಗೂ ಒಯ್ದರು, ಆಸ್ಪತ್ರೆಗೂ ಒಯ್ದರು, ನಮ್ಮ ಮದುವೆಯ ಕೋಟಿನ ಜೇಬಿನಲ್ಲೂ ಇತ್ತು. ದಾರ ಕತ್ತರಿಸಬೇಕು, ಒಂದು ನಿಮಿಷ ಕೊಡಿ ಅಂದರೆ ನನಗೂ ಕೊಟ್ಟವರಲ್ಲ, ತಾವೇ ಎದ್ದು ಬಂದು ಕತ್ತರಿಸುವರು. ಅಂಥದ್ದು ಅಲ್ಲಿ ಬೀದಿಯಲ್ಲಿ, ಒದ್ದೆ ಕಟ್ಟೆಯ ಮೇಲೆ, ಕಂಡಕಂಡವರ ಚಾಕುಗಳ ನಡುವೆ ಬಿದ್ದಿತ್ತು. ಮೊದಲು ನನಗೆ ಏನನ್ನಿಸಿತು ಗೊತ್ತೇ? ಇವರಿಗೆ ಏನೋ ಆಗಿದೆ, ಯಾರೋ ಇವರನ್ನು ಹೊಡೆದು ಚಾಕು ಕಿತ್ತುಕೊಂಡು ಬಂದಿದ್ದಾರೆ ಎಂದು. ನನ್ನ ಬುದ್ಧಿ ಯಾವಾಗಲೂ ಕೆಟ್ಟದ್ದರ ಕಡೆಗೇ ಓಡುವುದು. ಓಪಲಕ್ಕ ನನ್ನ ಮುಖ ನೋಡಿ, ಚಾಕು ನೋಡಿ, ‘ಹೋಬರ್ಟ್‌ದಾ?’ ಅಂದಳು. ಹೂಂ ಅಂದೆ. ‘ಹಾಗಾದ್ರೆ ದನದ ಸಂತೆ ಇಲ್ಲೇ ನಡೀತಿದೆ ಅನ್ನು’ ಅಂದಳು.

ಒಳಗೆ ಹೋದೆ. ರೊಂಡಾ ಕಾಯುತ್ತಿದ್ದವಳ ಹಾಗೆ ಎದ್ದು ನಿಂತಳು. ‘ಲಾನಿಯ ಮುಂದೆ ಈಗ ಜನ ಇದ್ದಾರೆ ನೋಲಕ್ಕಾ. ಯಾರು ಅಂತ ನಾ ಹೇಳಂಗಿಲ್ಲ. ಆದ್ರೆ ಒಂದು ಭೇಟಿಗೆ ಇಬ್ರು ದೊಡ್ಡೋರು ಕೂತ್ಕೋಬಹುದು, ಗೋಡೆ ಮೇಲೆ ಬರೆದಿದೆ ನೋಡಿ. ಇನ್ನೂ ಹೊತ್ತಿದೆ. ಬಾಗಿಲು ತೆಗೀಲಾ?’ ಗೋಡೆಯ ಮೇಲಿನ ಕಟ್ಟಳೆಗಳನ್ನು ನಾನು ಎರಡು ಭಾನುವಾರ ಬೆರಳಿಟ್ಟು ಓದಿದ್ದೆ. ಬಾರದು, ಕೂಡದು ಎಂದಿರುವ ಸಾಲುಗಳಷ್ಟೇ ಕಣ್ಣಿಗೆ ಬಿದ್ದಿದ್ದವು. ಬರಬಹುದು ಎಂಬುದೂ ಒಂದು ಸಾಲು ಇದ್ದದ್ದು ಕಂಡಿರಲಿಲ್ಲ.

ಆ ಬಾಗಿಲಲ್ಲಿ ಅಂಗೈಯಗಲದ ಗಾಜಿದೆಯಲ್ಲ, ಅದರಲ್ಲಿ ನೋಡಿದೆ. ನಿಮ್ಮಪ್ಪನ ಬೆನ್ನು ಕಂಡಿತು. ಚರ್ಚಿಗೆ ಹಾಕುವ ಅಂಗಿ ಹಾಕಿದ್ದರು. ಮನೆಯಿಂದ ಹೊರಟಾಗ ಅದರ ಮೇಲೆ ಕೊಟ್ಟಿಗೆಯ ಕೋಟು ಇತ್ತು, ನನಗೆ ಹೇಗೆ ಗೊತ್ತಾಗಬೇಕು. ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಏನನ್ನೋ ಅಳೆದು ತೋರಿಸುತ್ತಿದ್ದರು, ಕರು ಇಷ್ಟೆತ್ತರ ಎಂದೋ, ನಾಯಿ ಇಷ್ಟು ದಪ್ಪ ಎಂದೋ. ಲಾನಿ, ಅವರು ಮಾತಾಡುತ್ತಿದ್ದರು. ಮನೆಯಲ್ಲಿ ಸಾಕು, ಬೇಡ ಎಂಬ ಎರಡು ಮಾತಿನ ಮನುಷ್ಯ, ಅಲ್ಲಿ ಭುಜ ಕುಣಿಸಿಕೊಂಡು ಮಾತಾಡುತ್ತಿದ್ದರು. ಅವರ ತಲೆಯ ಆಚೆ ನಿನ್ನ ಒಂದು ಕಿವಿ ಕಂಡಿತು, ಭುಜದ ಕಿತ್ತಳೆ ಬಟ್ಟೆ ಕಂಡಿತು. ಆಮೇಲೆ ನೀನು ನಕ್ಕೆ. ಸದ್ದು ಕೇಳಲಿಲ್ಲ, ಆದರೆ ನಗುವಾಗ ನಿನ್ನ ಕಿವಿ ಹಿಂದಕ್ಕೆ ಜರುಗುತ್ತದಲ್ಲ, ಹಾಗೆ ಜರುಗಿತು. ರೊಂಡಾ ಬೀಗದ ಕೈ ಹಿಡಿದು ನಿಂತಿದ್ದಳು. ಬೇಡಮ್ಮ ಅಂದೆ.

ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ. ನಿನ್ನನ್ನು ನೋಡಲು ನನಗೆ ಎಷ್ಟು ಆಸೆಯಿತ್ತೋ ದೇವರಿಗೇ ಗೊತ್ತು, ಎರಡು ಹೆಜ್ಜೆಯಾಚೆ ನೀನಿದ್ದೆ. ಆದರೆ ನಿಮ್ಮಪ್ಪನ ಸ್ವಭಾವ ನಿನಗೆ ಗೊತ್ತಲ್ಲ. ಅವರ ಅಣ್ಣನನ್ನು ಮಣ್ಣು ಮಾಡಿದ ದಿನ ಅವರು ಅತ್ತದ್ದನ್ನು ನಾಲ್ಕು ಜನ ನೋಡಿದರೆಂದು ಒಂದು ವರ್ಷ ಚರ್ಚಿನ ಕಡೆ ತಲೆಹಾಕಲಿಲ್ಲ. ತುಳಿಯುವುದಿಲ್ಲ ಎಂದು ಆಣೆಯಿಟ್ಟ ಮೆಟ್ಟಿಲ ಮೇಲೆ, ನನಗೆ ಬೇಡವೆಂದ ಜಾಗದಲ್ಲಿ, ನಾನು ಹಿಂದಿನಿಂದ ಹೋಗಿ ನಿಂತಿದ್ದರೆ ಆ ಕ್ಷಣವೇ ಫೋನು ಕೆಳಗಿಟ್ಟು ಎದ್ದುಬಿಡುತ್ತಿದ್ದರು. ಇನ್ನೆಂದೂ ಬರುತ್ತಿರಲಿಲ್ಲ. ನಿನಗೆ ಅಮ್ಮ ಸಿಗುತ್ತಿದ್ದಳು, ಅಪ್ಪ ಹೋಗುತ್ತಿದ್ದರು. ಅದಕ್ಕೇ ಬೇಡ ಅಂದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ನಿನ್ನೆಯಿಂದ ಅದೇ ಚಿಂತೆ.

ಓಪಲಕ್ಕನ ಕಾರಿನ ಸೀಟಿನಲ್ಲಿ ತಗ್ಗಿ ಕೂತು ಕಾದೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದರು. ಪೊದೆಯ ಹಿಂದೆ ಬಗ್ಗಿ ಚಾಕು ಎತ್ತಿಕೊಂಡರು, ಬಿಚ್ಚಿದರು, ಮುಚ್ಚಿದರು, ಮತ್ತೆ ಬಿಚ್ಚಿದರು, ಮುಚ್ಚಿದರು. ಜೇಬು ಎಲ್ಲಿದೆ ಎಂದೇ ಮರೆತವರ ಹಾಗೆ ಕೋಟನ್ನು ತಡವುತ್ತ ನಿಂತಿದ್ದರು. ಬಗ್ಗಿ ಕೆಮ್ಮಿದರು. ನಮ್ಮ ಟ್ರಕ್ಕು ಅಲ್ಲೆಲ್ಲೂ ಇರಲಿಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ಎಲ್ಲೋ ಅಂಗಡಿಗಳ ಹಿಂದೆ ನಿಲ್ಲಿಸಿ ಅಷ್ಟು ದೂರ ಆ ಎದೆ ಹೊತ್ತುಕೊಂಡು ನಡೆದು ಬಂದಿರಬೇಕು. ಹೋಗಿ ಕೈ ಹಿಡಿದುಕೊಳ್ಳಲೇ ಎಂದು ಬಾಗಿಲ ಹಿಡಿಯ ಮೇಲೆ ಕೈಯಿಟ್ಟೆ. ಓಪಲಕ್ಕ ನನ್ನ ಕೈ ಮೇಲೆ ಕೈಯಿಟ್ಟು, ‘ಗಂಡಸು, ಬಿಡೇ. ಮೊದ್ಲು ಚಾಕು ಜೇಬಿಗೆ ಹಾಕ್ಕೊಳ್ಳಲಿ’ ಅಂದಳು. ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆವು.

ಸಾಯಂಕಾಲ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. ‘ಇವತ್ತು ಕರುಗಳಿಗೆ ರೇಟು ಹೆಂಗಿತ್ತು?’ ಅಂದೆ. ಅವರು ಬಟ್ಟಲು ನೋಡುತ್ತ, ‘ಪರವಾಗಿಲ್ಲ. ಕಪ್ಪು ಕರುಗಳು ಚೆನ್ನಾಗಿ ಹೋದ್ವು’ ಅಂದರು. ಒಳ್ಳೇದು ಅಂದೆ. ರೊಟ್ಟಿ ಮುರಿಯುತ್ತ ಅವರಾಗಿಯೇ, ‘ಓಪಲ್ ಜೊತೆ ಹೋಗ್ತೀಯಲ್ಲ, ಆ ಕಾಯಿಲೆಯವರು ಹೆಂಗಿದ್ದಾರೆ?’ ಎಂದು ಕೇಳಿದರು. ‘ಪರವಾಗಿಲ್ಲ, ಚೇತರಿಸ್ಕೋತಿದ್ದಾರೆ’ ಅಂದೆ. ‘ಒಳ್ಳೇದು’ ಅಂದರು. ಆಮೇಲೆ ಜೇಬಿನಿಂದ ಚಾಕು ತೆಗೆದು ಸೇಬು ಹೆಚ್ಚಿದರು. ಹಿಡಿಯ ಸಂದಿಯಲ್ಲಿ ಆ ಪೊದೆಯ ಪುಟ್ಟ ಎಲೆಯೊಂದು ಸಿಕ್ಕಿಕೊಂಡಿತ್ತು. ನಾನು ನೋಡಿದೆ. ಅವರೂ ನೋಡಿ ಉಗುರಿನಿಂದ ಮೀಟಿ ಮೇಜಿನ ಕೆಳಗೆ ಬೀಳಿಸಿದರು. ಸೇಬಿನ ಅರ್ಧ ನನ್ನ ಕಡೆ ಸರಿಸಿದರು. ಎಷ್ಟೋ ದಿನವಾಗಿತ್ತು ಹಾಗೆ ಸರಿಸಿ. ಇಬ್ಬರೂ ತಿಂದೆವು. ಗಡಿಯಾರ ಮೊಳೆ ಹೊಡೆಯುತ್ತಲೇ ಇತ್ತು. ಒಂದೇ ಮೇಜು, ಇಬ್ಬರ ಬಾಯಲ್ಲೂ ನೀನೇ ಇದ್ದೆ, ಇಬ್ಬರೂ ನುಂಗಿಕೊಂಡು ಎದ್ದೆವು. ಬೆಳಿಗ್ಗೆ ಕಸ ಗುಡಿಸುವಾಗ ಆ ಎಲೆ ಸಿಕ್ಕಿತು, ಎಸೆಯಲಿಲ್ಲ. ಇದರ ಜೊತೆ ಇಟ್ಟು ಕಳಿಸೋಣವೆಂದುಕೊಂಡೆ, ಎಲೆ ಗಿಲೆ ಕಳಿಸಬಾರದೆಂದು ಕಟ್ಟಳೆಯಿದೆಯೇನೋ ಎಂದು ಬೈಬಲ್ಲಿನೊಳಗೆ ಇಟ್ಟಿದ್ದೇನೆ.

ನೀನು ಇಬ್ಬರ ಹೆಸರನ್ನೂ ಬರೆಸಿದ್ದಕ್ಕೆ ನನಗೆ ಸಂತೋಷ. ಅಪ್ಪ ಬರುತ್ತಾರೆಂದು ನನಗೆ ಏಕೆ ತಿಳಿಸಲಿಲ್ಲ ಎಂದು ಕೇಳುವುದಿಲ್ಲ, ಹೇಳಬೇಡ ಎಂದು ಮಾತು ತೆಗೆದುಕೊಂಡಿರುತ್ತಾರೆ. ಅಮ್ಮ ಯಾಕೆ ಬರುವುದಿಲ್ಲ ಎಂದು ನೀನು ಕೇಳಿರುತ್ತೀಯ, ಏನು ಹೇಳಿದರೋ. ಮೊಣಕಾಲು ನೋವು ಎಂದಿದ್ದರೆ ಅದು ಸುಳ್ಳಲ್ಲ. ಆದರೆ ಕಾರಣ ಅದಲ್ಲ. ಹಲ್ಲು ತೋರಿಸಿಕೋ, ಕೇಳಿ ಕೇಳಿ ತೋರಿಸಿಕೋ, ಕೇಳದಿದ್ದರೆ ಅವರಾಗಿ ಮಾಡುವುದಿಲ್ಲ. ಓಪಲಕ್ಕನ ಮೊಮ್ಮಗ ಕಂಡರೆ ಅಜ್ಜಿ ಚೆನ್ನಾಗಿದ್ದಾಳೆ ಎಂದು ಹೇಳು. ದೇವರ ಕೈ ನಿನ್ನ ತಲೆಯ ಮೇಲಿರಲಿ, ನನ್ನ ಕೈ ಅಷ್ಟು ದೂರ ಚಾಚುವುದಿಲ್ಲ, ಅವನದು ಚಾಚುತ್ತದೆ.

ಇಂತಿ ನಿನ್ನ ಅಮ್ಮ
ನೋಲಾ ಹಾಲ್ಕಂಬ್
(ಪೂರ್ತಿ ಹೆಸರು ಇಲ್ಲದಿದ್ದರೆ ಕೊಡುವುದಿಲ್ಲವಂತೆ, ಅದಕ್ಕೇ ಬರೆದೆ. ನೀನು ಅಮ್ಮ ಎಂದಷ್ಟೇ ಓದಿಕೋ.)

ಮರೆತ ಮಾತು: ನಿಮ್ಮಪ್ಪ ಕೊಟ್ಟಿಗೆಯಿಂದ ಬರುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಇದನ್ನು ನಾಳೆ ಓಪಲಕ್ಕನ ಕೈಯಲ್ಲಿ ಅಂಚೆಗೆ ಹಾಕಿಸುತ್ತೇನೆ. ಶನಿವಾರದೊಳಗೆ ಸಿಕ್ಕಿದರೆ, ಅಷ್ಟರಲ್ಲಿ ಆ ಹಾಳು ಬಸ್ಸು ಬರದಿದ್ದರೆ, ನೀನು ಒಂದು ಕೆಲಸ ಮಾಡಬೇಕು. ಅಪ್ಪ ಬಂದಾಗ, ಒಂದು ಭೇಟಿಗೆ ಇಬ್ಬರು ಬರಬಹುದಂತೆ ಎಂದು ಹೇಳು. ಕಟ್ಟಳೆ ಎಂದೇ ಹೇಳು, ಕಟ್ಟಳೆ ಅಂದರೆ ಅವರು ಕೇಳುತ್ತಾರೆ. ಅಮ್ಮನನ್ನು ಕರೆದುಕೊಂಡು ಬಾ ಎಂದು ನೀನು ಕೇಳಿದ ಹಾಗಿರಲಿ, ನಾನು ಹೇಳಿಸಿದ್ದು ಗೊತ್ತಾಗಬಾರದು. ಆಮೇಲೆ ಯಾವುದಾದರೂ ಶುಕ್ರವಾರ ಅವರು, ನಾಳೆ ನೀನೂ ಸಂತೆಗೆ ಬಾ ಅಂದರೆ ಸಾಕು, ಯಾವ ಸಂತೆ ಎಂದು ನಾನು ಕೇಳುವುದಿಲ್ಲ. ಬೂದು ಉಡುಪು ಇಸ್ತ್ರಿ ಮಾಡಿ ನೇತುಹಾಕಿದ್ದೇನೆ. ಬಟ್ಟೆಯ ದಾರ ಕಟ್ಟಿಕೊಂಡು ಹೋಗು ಎಂದು ಓಪಲಕ್ಕ ಹೇಳುತ್ತಾಳೆ, ಬೇಡ. ಅವರ ಜೊತೆ ತುರುಬು ಕಟ್ಟಿಕೊಂಡೇ ಬರುತ್ತೇನೆ. ಆ ಕಟ್ಟೆಯ ಹತ್ತಿರ ನಿಂತು ಪಿನ್ನುಗಳನ್ನು ತೆಗೆದು, ಅವರ ಚಾಕುವಿನ ಪಕ್ಕದಲ್ಲೇ ಇಟ್ಟು ಒಳಗೆ ಬರುತ್ತೇನೆ.